ವೀರ್ಯ ಪರೀಕ್ಷೆಯ ಒಂದೇ ವರದಿಯ ಆಧಾರದ ಮೇಲೆ ಇಕ್ಸಿಗೆ ಹೋಗಬೇಕೇ?

ಪ್ರಶ್ನೆ (ದಾರಿ ಕಾಯುವವ):
ಸುಮಾರು ಒಂದೂವರೆ ವರ್ಷದಿಂದ ನಾವು ಮಗುವಿಗಾಗಿ ಪ್ರಯತ್ನಿಸುತ್ತಿದ್ದೇವೆ. ಪತ್ನಿಗೆ 29 ವರ್ಷ. ಗರ್ಭನಾಳಕ್ಕೆ ದ್ರವ ಹಾಯಿಸಿ ತೆಗೆಯುವ ಎಕ್ಸ್‌ರೇ ಸೇರಿದಂತೆ ಅವಳ ಪರೀಕ್ಷೆಗಳೆಲ್ಲ ಮುಗಿದು, ಯಾವ ದೋಷವೂ ಇಲ್ಲವೆಂದಾದ ಮೇಲೆ ನನ್ನ ಸರದಿ ಬಂತು. ನನ್ನ ವರದಿಯಲ್ಲಿ ವೀರ್ಯದ ಪ್ರಮಾಣ 2 ಮಿ.ಲೀ., ವೀರ್ಯಾಣುಗಳು ಪ್ರತಿ ಮಿ.ಲೀ.ಗೆ 1 ಕೋಟಿ 10 ಲಕ್ಷ, ಮುಂದಕ್ಕೆ ಚಲಿಸುವವು ಶೇ. 22, ಸಹಜ ಆಕಾರದವು ಶೇ. 3 ಎಂದಿದೆ. ಪರೀಕ್ಷೆಗೆ ಒಂದೂವರೆ ತಿಂಗಳ ಮುಂಚೆ ನನಗೆ ತೀವ್ರ ಜ್ವರ ಬಂದಿತ್ತು. ಅದರ ಬಗ್ಗೆ ಯಾರೂ ವಿಚಾರಿಸಲಿಲ್ಲ. ನೇರವಾಗಿ ಇಕ್ಸಿ (ಪತ್ನಿಯ ಅಂಡಾಣುವನ್ನು ಹೊರತೆಗೆದು, ಲ್ಯಾಬಿನಲ್ಲಿ ಅದರೊಳಗೆ ಒಂದೇ ವೀರ್ಯಾಣುವನ್ನು ಸೂಜಿಯಿಂದ ಸೇರಿಸುವ ಚಿಕಿತ್ಸೆ) ಮಾಡಿಸಿಕೊಳ್ಳಿ ಎಂಬ ಸಲಹೆ ಸಿಕ್ಕಿದೆ. ಜಿಮ್ಮಿನ ಗೆಳೆಯರೊಬ್ಬರು ಟೆಸ್ಟೋಸ್ಟಿರಾನ್ ಇಂಜೆಕ್ಷನ್ ತೆಗೆದುಕೊಂಡರೆ ಸಂಖ್ಯೆ ಏರುತ್ತದೆ ಎನ್ನುತ್ತಾರೆ. ತಿಳಿದವರು ದಯವಿಟ್ಟು ಹೇಳಿ.

ಉತ್ತರ (ಲ್ಯಾಬ್ ತಂತ್ರಜ್ಞ):
ಮೊದಲು ಮಾದರಿಯನ್ನು ಹೇಗೆ ಕೊಟ್ಟಿರಿ ಎಂಬುದನ್ನು ನೆನಪಿಸಿಕೊಳ್ಳಿ. ಸ್ಖಲನವಾಗಿ ಕನಿಷ್ಠ 2, ಗರಿಷ್ಠ 7 ದಿನಗಳ ಅಂತರವಿರಬೇಕು. ಮನೆಯಿಂದ ತಂದಿದ್ದರೆ ತಣ್ಣಗಾಗದಂತೆ ಒಂದು ಗಂಟೆಯೊಳಗೆ ಲ್ಯಾಬ್ ತಲುಪಿರಬೇಕು. ವೀರ್ಯಾಣುಗಳು ಹೆಚ್ಚು ದಟ್ಟವಾಗಿರುವುದು ಸ್ಖಲನದ ಮೊದಲ ಭಾಗದಲ್ಲಿ. ಆ ಕೆಲವು ಹನಿಗಳು ಡಬ್ಬಿಯ ಹೊರಗೆ ಬಿದ್ದರೆ ಇಡೀ ಲೆಕ್ಕವೇ ತಪ್ಪುತ್ತದೆ. ನಾಚಿಕೆಯಿಂದ ಎಷ್ಟೋ ಜನ ಇದನ್ನು ಹೇಳುವುದಿಲ್ಲ, ನಾವು ಸಿಕ್ಕಷ್ಟನ್ನೇ ಎಣಿಸಿ ಬರೆದುಕೊಡುತ್ತೇವೆ.

ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಪ್ರಕಾರ ಕೆಳಮಿತಿಗಳು ಹೀಗಿವೆ: ಪ್ರಮಾಣ 1.4 ಮಿ.ಲೀ., ಸಾಂದ್ರತೆ 1 ಕೋಟಿ 60 ಲಕ್ಷ, ಮುಂಚಲನೆ ಶೇ. 30, ಸಹಜ ಆಕಾರ ಶೇ. 4. ಒಂದು ವರ್ಷದೊಳಗೆ ಪತ್ನಿ ಗರ್ಭ ಧರಿಸಿದ ಪುರುಷರನ್ನೇ ಪರೀಕ್ಷಿಸಿ, ಅವರಲ್ಲಿ ಅತಿ ಕಡಿಮೆ ಅಂಕಿಯಿದ್ದ ಶೇ. 5ರಷ್ಟು ಜನರನ್ನು ಬೇರ್ಪಡಿಸುವ ಗೆರೆಯಾಗಿ ಇವುಗಳನ್ನು ಗೊತ್ತುಮಾಡಲಾಗಿದೆ. ಅಂದರೆ ಗೆರೆಯ ಕೆಳಗಿದ್ದೂ ತಂದೆಯಾದವರಿದ್ದಾರೆ. ಸಹಜ ಆಕಾರ ಶೇ. 3 ಎಂಬುದಕ್ಕೆ ಹೆದರಬೇಡಿ; ಕಟ್ಟುನಿಟ್ಟಿನ ಮಾನದಂಡದಲ್ಲಿ ಆರೋಗ್ಯವಂತರಿಗೂ ಈ ಅಂಕಿ ಚಿಕ್ಕದಾಗಿಯೇ ಬರುತ್ತದೆ.

ಉತ್ತರ (ಮೂತ್ರರೋಗ ವೈದ್ಯ):
ಟೆಸ್ಟೋಸ್ಟಿರಾನ್ ಇಂಜೆಕ್ಷನ್ ಯಾವ ಕಾರಣಕ್ಕೂ ಬೇಡ. ಹೊರಗಿನಿಂದ ಆ ಹಾರ್ಮೋನು ಬಂದಾಗ, ವೃಷಣಗಳಿಗೆ ಆಜ್ಞೆ ನೀಡುವ ಎಫ್‌ಎಸ್‌ಎಚ್ ಮತ್ತು ಎಲ್‌ಎಚ್ ಸ್ರಾವವನ್ನು ಮಿದುಳಿನ ಪಿಟ್ಯುಟರಿ ಗ್ರಂಥಿ ತಗ್ಗಿಸುತ್ತದೆ; ಆಗ ವೃಷಣದೊಳಗಿನ ಸ್ವಂತ ಟೆಸ್ಟೋಸ್ಟಿರಾನ್ ಕುಸಿದು ವೀರ್ಯಾಣುಗಳ ಉತ್ಪಾದನೆ ಪೂರ್ತಿ ನಿಂತುಹೋಗಲೂಬಹುದು. ಇದೇ ಗುಣದಿಂದಾಗಿ ಈ ಹಾರ್ಮೋನನ್ನು ಪುರುಷರ ಗರ್ಭನಿರೋಧಕವಾಗಿ ಪ್ರಯೋಗಿಸಿ ನೋಡಿದ್ದೂ ಉಂಟು. ನಿಲ್ಲಿಸಿದ ಮೇಲೆ ಚೇತರಿಸಿಕೊಳ್ಳಲು ತಿಂಗಳುಗಟ್ಟಲೆ, ಕೆಲವರಿಗೆ ವರ್ಷಕ್ಕೂ ಹೆಚ್ಚು ಕಾಲ ಬೇಕಾಗುತ್ತದೆ.

ಇನ್ನು ಜ್ವರದ ವಿಷಯ. ವೃಷಣಗಳು ದೇಹಕ್ಕಿಂತ 2ರಿಂದ 4 ಡಿಗ್ರಿ ಸೆಲ್ಸಿಯಸ್ ತಂಪಾಗಿದ್ದರೆ ಮಾತ್ರ ಸರಿಯಾಗಿ ಕೆಲಸ ಮಾಡುತ್ತವೆ. ಒಂದು ವೀರ್ಯಾಣು ರೂಪುಗೊಳ್ಳಲು ಸುಮಾರು 74 ದಿನ, ಅದು ಪಕ್ವವಾಗಿ ಹೊರಬರಲು ಮತ್ತಷ್ಟು ದಿನ ಬೇಕಾಗುವುದರಿಂದ, ನೀವು ಕೊಟ್ಟ ಮಾದರಿಯಲ್ಲಿದ್ದವು ಜ್ವರದ ತಾಪವನ್ನು ಉಂಡವೇ ಆಗಿರಬಹುದು. ಆದ್ದರಿಂದ ಜ್ವರ ಬಂದು ಮೂರು ತಿಂಗಳು ಪೂರ್ತಿ ಕಳೆದ ಮೇಲೆ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಿ.

ಅಷ್ಟರೊಳಗೆ ವೈದ್ಯರೊಬ್ಬರು ನಿಮ್ಮನ್ನು ನಿಲ್ಲಿಸಿ, ಕೈಯಿಂದ ಮುಟ್ಟಿ ಪರೀಕ್ಷಿಸಬೇಕು. ಕಾಗದ ನೋಡಿ ಚಿಕಿತ್ಸೆ ನಿರ್ಧರಿಸುವುದು ನನಗೆ ಸಮ್ಮತವಲ್ಲ. ವೃಷಣದ ಮೇಲ್ಭಾಗದ ಅಭಿಧಮನಿಗಳು ಉಬ್ಬಿಕೊಳ್ಳುವ ವ್ಯಾರಿಕೋಸೀಲ್, ಸಾಮಾನ್ಯ ಪುರುಷರಲ್ಲಿ ಸುಮಾರು ಶೇ. 15 ಜನರಿಗಿದ್ದರೆ, ಬಂಜೆತನದ ತೊಂದರೆಯಿರುವವರಲ್ಲಿ ಶೇ. 35ರಿಂದ 40 ಜನರಲ್ಲಿ ಕಾಣುತ್ತದೆ. ಕೈಗೆ ಸಿಗುವಷ್ಟು ದೊಡ್ಡದಾಗಿದ್ದು, ವೀರ್ಯದ ಗುಣಮಟ್ಟವೂ ಕುಂದಿದ್ದರೆ ಶಸ್ತ್ರಚಿಕಿತ್ಸೆಯಿಂದ ಅನೇಕರಿಗೆ ಸುಧಾರಣೆಯಾಗುತ್ತದೆ. ಇಕ್ಸಿ 1992ರಿಂದ ಬಳಕೆಗೆ ಬಂದ, ತೀವ್ರ ಕೊರತೆಯಿರುವವರಿಗೆ ವರವಾದ ವಿಧಾನ, ಆದರೆ ಅದರಲ್ಲಿ ಇಂಜೆಕ್ಷನ್ನು, ಅರಿವಳಿಕೆಗಳ ಭಾರವೆಲ್ಲ ನಿಮ್ಮ ಪತ್ನಿಯ ಮೇಲೆ ಬೀಳುತ್ತದೆ. ಅವರಿಗೆ 37 ಆಗಿದ್ದರೆ ಕಾಯಿರಿ ಎನ್ನಲು ನಾನೂ ಹಿಂಜರಿಯುತ್ತಿದ್ದೆ.

ಉತ್ತರ (ಓದುಗಿ):
ಸತು ಮತ್ತು ಫೋಲಿಕ್ ಆಮ್ಲದ ಮಾತ್ರೆಗಳನ್ನೂ ಯಾರಾದರೂ ಸೂಚಿಸುತ್ತಾರೆ. 2020ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ 2,300ಕ್ಕೂ ಹೆಚ್ಚು ದಂಪತಿಗಳು ಭಾಗವಹಿಸಿದ್ದರು. ಪತಿಯರು ಆರು ತಿಂಗಳು ಈ ಮಾತ್ರೆ ತೆಗೆದುಕೊಂಡರೂ ಮಗು ಹುಟ್ಟುವ ಪ್ರಮಾಣ ಹೆಚ್ಚಲಿಲ್ಲ. ಧೂಮಪಾನವಿದ್ದರೆ ಅದನ್ನು ಬಿಡುವುದು ಇದಕ್ಕಿಂತ ಉಪಯುಕ್ತ. ಇನ್ನೊಂದು ಮಾತು: ಸುಮಾರು ಅರ್ಧದಷ್ಟು ದಂಪತಿಗಳಲ್ಲಿ ಪುರುಷನ ಕಡೆಯ ಕಾರಣವೂ ಇರುವಾಗ, ಡಬ್ಬಿಯೊಂದರಲ್ಲಿ ಮುಗಿಯುವ ಪರೀಕ್ಷೆಯನ್ನು ಕೊನೆಗಿಟ್ಟು ಹೆಂಡತಿಯ ಗರ್ಭನಾಳದ ಎಕ್ಸ್‌ರೇ ಮೊದಲು ಮಾಡಿಸಿದ್ದು ಯಾವ ನ್ಯಾಯ?

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಮರುಪರೀಕ್ಷೆಯವರೆಗೆ ಸಂಖ್ಯೆ ಕೂಡಿಬರಲೆಂದು ಸಂಪರ್ಕದಿಂದ ದೂರವಿರಬೇಕೇ?

ಮೂತ್ರರೋಗ ವೈದ್ಯ:
ಬೇಡ. ಬಹಳ ದಿನ ತಡೆದರೆ ಸಂಖ್ಯೆ ಏರಿದರೂ ಹಳೆಯ ವೀರ್ಯಾಣುಗಳ ಚಲನೆ ಕುಗ್ಗುತ್ತದೆ. ಎರಡು ಮೂರು ದಿನಕ್ಕೊಮ್ಮೆ ಸಂಪರ್ಕವಿರಲಿ. ಮಾದರಿ ಕೊಡುವ ಮುಂಚಿನ ಎರಡು ಮೂರು ದಿನ ಮಾತ್ರ ಬಿಡುವು ಕೊಟ್ಟರೆ ಸಾಕು.