ಸಹಾಯ ಬೇಕು: ಜೋರ್ಕಿ ಕ್ಯಾಮೆರಾದ ಲೆನ್ಸಿಗೆ ಯಾವ ಹುಡ್ ಹೊಂದುತ್ತದೆ?

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿಯವನು. ಚಿಕ್ಕಪ್ಪ ಕೊಟ್ಟ ಜೋರ್ಕಿ-4 ರೇಂಜ್‌ಫೈಂಡರ್ ಕ್ಯಾಮೆರಾ, ಅದಕ್ಕೆ ಜೂಪಿಟರ್-8, 50 ಮಿ.ಮೀ. ಲೆನ್ಸ್ ನನ್ನ ಬಳಿ ಇವೆ. ಅಡಿಕೆ ತೋಟದಲ್ಲಿ ಸೋಗೆಗಳ ಸಂದಿನಿಂದ ಬಿಸಿಲು ಓರೆಯಾಗಿ ಬಿದ್ದರೆ ಸಾಕು, ಇಡೀ ಚಿತ್ರ ಮಂಜು ಕವಿದಂತೆ ಮಸುಕಾಗುತ್ತದೆ.

ಅದಕ್ಕೆಂದೇ ಓರೆ ಬಿಸಿಲನ್ನು ತಡೆಯಲು ಲೆನ್ಸಿನ ಮುಂದೆ ಕೂರುವ, 40.5 ಮಿ.ಮೀ. ತಿರುಪಿನ ಹುಡ್ ತರಿಸಿದೆ. ಮಳೆಹನಿಗೆ ಹೆದರಿ ಮೊದಲು ಯುವಿ ಫಿಲ್ಟರ್, ಅದರ ಮೇಲೆ ಹುಡ್ ಕೂರಿಸಿದೆ. ಮಸುಕು ಹೋಯಿತು, ಆದರೆ ನಾಲ್ಕೂ ಮೂಲೆಗಳು ಕಪ್ಪಾದವು. ಇದರ ವ್ಯೂಫೈಂಡರ್ (ಕಣ್ಣಿಟ್ಟು ನೋಡುವ ಗಾಜು) ಲೆನ್ಸಿನ ಮೂಲಕ ನೋಡುವುದಿಲ್ಲವಲ್ಲ, ರೋಲ್ ತೊಳೆದು ಬರುವವರೆಗೆ ಗೊತ್ತೇ ಆಗಲಿಲ್ಲ. 36 ಚಿತ್ರಗಳು ಹಾಳಾದವು. ಅವುಗಳಲ್ಲಿ ಅಜ್ಜಿಯವೂ ಇದ್ದವು, ಆ ಸಂಕಟ ಇನ್ನೂ ಹೋಗಿಲ್ಲ.

ಆಮೇಲೆ ಹಿಂಬದಿ ಕಳಚಿ, ಶಟರನ್ನು ಬಿ-ಯಲ್ಲಿ (ಗುಂಡಿ ಒತ್ತಿರುವಷ್ಟು ಹೊತ್ತೂ ತೆರೆದಿರುವ ಸ್ಥಾನ) ತೆರೆದಿಟ್ಟು, ಫಿಲ್ಮ್ ಚೌಕಟ್ಟಿನ ಮೂಲೆಯಿಂದ ಲೆನ್ಸಿನೊಳಗೆ ಇಣುಕಿದೆ. ಫೋಕಸ್ ಅನಂತದಲ್ಲಿ, ಅಪರ್ಚರ್ (ಬೆಳಕು ಹಾಯುವ ರಂಧ್ರ) ಎಫ್/8. ಫಿಲ್ಟರ್ ತೆಗೆದರೆ ರಂಧ್ರ ಪೂರ್ತಿ ಕಾಣುತ್ತದೆ. ಹಾಕಿದರೆ ಹುಡ್‌ನ ಅಂಚು ಅಡ್ಡ ಬರುತ್ತದೆ. 49 ಮಿ.ಮೀ.ಗೆ ಹಿಗ್ಗಿಸುವ ರಿಂಗ್ ಹಾಕಿ ಸ್ನೇಹಿತನ ಅಗಲ ಹುಡ್ ಕೂರಿಸಿದಾಗ ಮೂಲೆಗಳು ಸರಿಯಾದವು, ಆದರೆ ವ್ಯೂಫೈಂಡರಿನ ಬಲ ಕೆಳಮೂಲೆಯನ್ನು ಹುಡ್ಡೇ ನುಂಗಿಬಿಟ್ಟಿತು. ಆಯತಾಕಾರದ ಹುಡ್ ಆಗದು, ಫೋಕಸ್ ಮಾಡುವಾಗ ಲೆನ್ಸಿನ ಮುಂಭಾಗವೂ ತಿರುಗುವುದರಿಂದ ಅದು ಓರೆಯಾಗುತ್ತದೆ.

ಮಲೆನಾಡಿನ ಮಳೆಯಲ್ಲಿ ಫಿಲ್ಟರ್ ಬಿಡಲು ನನಗೆ ಧೈರ್ಯವಿಲ್ಲ. ವ್ಯೂಫೈಂಡರಿಗೆ ಅಡ್ಡ ಬಾರದಂತೆ ಪಕ್ಕದಲ್ಲಿ ಕಿಂಡಿಗಳಿರುವ ಹುಡ್ ಅನ್ನು ಫಿಲ್ಟರಿನ ಮೇಲೆ, ಇದೇ ಲೆನ್ಸಿಗೆ ಬಳಸಿದವರು ಇದ್ದೀರಾ? ಮೂಲೆ ಕಪ್ಪಾಗದಿರಲು ಅದರ ಆಳ ಎಷ್ಟು, ಬಾಯಿಯ ಅಗಲ ಎಷ್ಟು ಮಿ.ಮೀ. ಇರಬೇಕು? ದಯವಿಟ್ಟು ಅಳತೆ ತಿಳಿಸಿ.