ನೆರೆಮನೆಯ ಅಂಗವಿಕಲ ಮಹಿಳೆಯ ಮೇಲೆ ಹಿಂಸೆ: ದೂರು ಯಾರಿಗೆ?

ಪ್ರಶ್ನೆ (ಸಕಲೇಶಪುರ): ಕಿವಿ ಕೇಳದ, ಮಾತು ಬಾರದ ನೆರೆಮನೆಯ ಮಹಿಳೆಯೊಬ್ಬರನ್ನು ಅವರನ್ನು ನೋಡಿಕೊಳ್ಳುವ ತಮ್ಮನೇ ಹೊಡೆದು, ಊಟ ಕೊಡದೆ ಕೂಡಿಹಾಕುತ್ತಾನೆ, ಅವರ ಮಾಸಾಶನವೂ ಅವನ ಕೈಸೇರುತ್ತದೆ. ಹೊರಗಿನವರಾದ ನಾವು ದೂರು ಕೊಡಬಹುದೇ?

ಉತ್ತರ 1: ಖಂಡಿತ ಕೊಡಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 7ನೇ ಕಲಮಿನಂತೆ, ಹಿಂಸೆ ನಡೆಯುತ್ತಿದೆಯೆಂದು ನಂಬಲು ಕಾರಣವಿರುವ ಯಾರೇ ಆಗಲಿ ಕಾರ್ಯನಿರ್ವಾಹಕ ದಂಡಾಧಿಕಾರಿಗೆ, ಅಂದರೆ ನಿಮ್ಮ ತಹಸೀಲ್ದಾರರಿಗೆ, ತಿಳಿಸಬಹುದು; ಅವರು ಸಂತ್ರಸ್ತೆಯನ್ನು ಬಿಡಿಸಲು, ರಕ್ಷಣೆ ಹಾಗೂ ಜೀವನಾಂಶ ಒದಗಿಸಲು ಆದೇಶಿಸಬಹುದು. ಹೊಣೆ ಹೊತ್ತವರು ತಿಳಿದೂ ಅನ್ನನೀರು ನಿರಾಕರಿಸಿದರೆ 92ನೇ ಕಲಮಿನಡಿ 6 ತಿಂಗಳಿಂದ 5 ವರ್ಷದವರೆಗೆ ಸೆರೆವಾಸವಿದೆ.

ಉತ್ತರ 2 (ಹಾಸನ): ಅರ್ಜಿಯನ್ನು ಲಿಖಿತವಾಗಿಯೇ ಕೊಟ್ಟು ಸ್ವೀಕೃತಿ ಪಡೆಯಿರಿ. ಹೇಳಿಕೆ ಪಡೆಯುವಾಗ ಸನ್ನೆಭಾಷೆ ಬಲ್ಲವರು ಇರಲೇಬೇಕೆಂದು ಕೇಳಿ. ತಮ್ಮನೇ 'ಅನುವಾದಕ'ನಾಗಿ ನಿಲ್ಲುವುದು ನಮ್ಮ ಕಡೆ ಹೊಸದಲ್ಲ.

ಪ್ರಶ್ನೆ ಕೇಳಿದವರು: ಸೋಮವಾರವೇ ತಾಲ್ಲೂಕು ಕಚೇರಿಗೆ ಹೋಗುತ್ತೇವೆ.