ಉಸಿರಿನ ಪಟ್ಟಿ ಮಳೆಗಾಲದಲ್ಲಿ ಯಾಕೆ ಸುಮ್ಮನಾಗುತ್ತದೆ?

ಬಾಗಲಕೋಟೆಯಿಂದ ಪ್ರಶ್ನೆ: ಇಳಕಲ್ ನೇಕಾರರ ಉಸಿರಾಟ ಅಳೆಯಲು ಎದೆಗೆ ಕಟ್ಟುವ ಟ್ರೈಬೋಎಲೆಕ್ಟ್ರಿಕ್ ಪಟ್ಟಿ (ಎರಡು ಪದರ ತಾಗಿ ಬಿಟ್ಟಾಗ ವಿದ್ಯುತ್ ಹುಟ್ಟಿಸುವಂಥದ್ದು) ಮಾಡುತ್ತಿದ್ದೇವೆ. 5×5 ಸೆಂ.ಮೀ. ಟೆಫ್ಲಾನ್, ಬೆನ್ನಿಗೆ ತಾಮ್ರದ ಟೇಪು, ಎದುರಿಗೆ ಅಲ್ಯುಮಿನಿಯಂ ಹಾಳೆ. ಏಪ್ರಿಲ್‌ನಲ್ಲಿ ಅಷ್ಟಿಷ್ಟು ಓದು ಬರುತ್ತಿತ್ತು, ಮಳೆ ಹಿಡಿದ ಮೇಲೆ ಮಲ್ಟಿಮೀಟರ್ ಸೊನ್ನೆ. ಇದರ ಕರೆಂಟಿನಲ್ಲೇ ಬ್ಲೂಟೂತ್ ನಡೆಸಬಹುದೇ?

ವಿಜಯಪುರದಿಂದ: ಮೊದಲು ಮಲ್ಟಿಮೀಟರ್ ಪಕ್ಕಕ್ಕಿಡ್ರಿ. ಅದರ ಒಳರೋಧ ಸಾಮಾನ್ಯವಾಗಿ 10 ಮೆಗಾಓಮ್. ಇಂಥ ಪಟ್ಟಿಗೆ ಅದು ಶಾರ್ಟ್ ಮಾಡಿದಂಗೆ. 10 ಮೆಗಾಓಮ್‌ನ ಹತ್ತು ರೆಸಿಸ್ಟರ್ ಸಾಲಾಗಿ ಬೆಸೆದು ಆಸಿಲೋಸ್ಕೋಪಿನ (ಸಿಗ್ನಲ್ ಅಲೆ ಪರದೆಯಲ್ಲಿ ತೋರಿಸೋ ಯಂತ್ರ) 1 ಮೆಗಾಓಮ್ ಇನ್‌ಪುಟ್‌ಗೆ ಕೊಡ್ರಿ, ಪ್ರೋಬ್ ಸ್ವಿಚ್ 1ಎಕ್ಸ್‌ನಲ್ಲಿರಲಿ. ಒಟ್ಟು 101 ಮೆಗಾಓಮ್‌ನಾಗ ಒಂದರ ಪಾಲಷ್ಟೇ ಪರದೆಗೆ ಬರೋದ್ರಿಂದ, ಅಲ್ಲಿ 0.2 ವೋಲ್ಟ್ ಕಂಡರೆ ಪಟ್ಟಿಯಲ್ಲಿ ಸುಮಾರು 20 ವೋಲ್ಟ್. ರೆಸಿಸ್ಟರ್ ಸಾಲನ್ನು ಬರಿಗೈಲಿ ಮುಟ್ಟಬ್ಯಾಡ್ರಿ, ಬೆರಳಿನ ಬೆವರೇ ಸೋರುದಾರಿ ಆಗತೈತಿ.

ಬೆಳಗಾವಿಯಿಂದ: ನಮ್ಮ ಜುಲೈ ಹವೆಯಲ್ಲಿ ತೆರೆದ ಪಟ್ಟಿ ಕೆಲಸ ಮಾಡದು. ತೇವ ಮೇಲ್ಮೈಗೆ ಕೂತು ಚಾರ್ಜ್ ಹರಿದುಹೋಗುತ್ತದೆ. ಟೆಫ್ಲಾನನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, 60 ಡಿಗ್ರಿಯಲ್ಲಿ ಅರ್ಧ ಗಂಟೆ ಒಣಗಿಸಿ. ಎರಡು ಪದರಗಳ ನಡುವೆ ಅಂಚಿಗೆ 2 ಮಿ.ಮೀ. ಸ್ಪಂಜಿನ ಚೂರು ಇಟ್ಟು, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಸೀಲಿಂಗ್ ಮಷಿನ್‌ನಲ್ಲಿ ಮುಚ್ಚಿ. ಒಳಗೆ ಗಾಳಿ ಉಬ್ಬಿಕೊಂಡರೆ ಪದರಗಳು ಒಂದಕ್ಕೊಂದು ತಾಗುವುದೇ ಇಲ್ಲ, ಚೀಲ ಸಡಿಲವಾಗಿರಲಿ. ತಂತಿ ಹೊರಬರುವ ಕಡೆ ವಿನೆಗರ್ ವಾಸನೆಯ ಸಿಲಿಕೋನ್ ಖಂಡಿತ ಬೇಡ. ಅದು ಗಟ್ಟಿಯಾಗುವಾಗ ಬಿಡುವ ಅಸಿಟಿಕ್ ಆಮ್ಲ ತಾಮ್ರವನ್ನು ತಿಂದು ಹಸಿರುಗಟ್ಟಿಸುತ್ತದೆ. ಆ ಆಮ್ಲ ಬಿಡದ ನ್ಯೂಟ್ರಲ್ ಕ್ಯೂರ್ ಸಿಲಿಕೋನ್ ಎಂದು ಕೇಳಿ ತನ್ನಿ.

ಬೆಳಗಾವಿಯಿಂದಲೇ ಇನ್ನೊಬ್ಬರು: ಬ್ಲೂಟೂತ್ ಲೆಕ್ಕ ಹಾಕಿಯೇ ನೋಡಿ. ಒಂದು ಉಸಿರಿಗೆ, ಒಳಗೂ ಹೊರಗೂ ಸೇರಿ, 40 ನ್ಯಾನೋಕೂಲಂ ಸಿಗುತ್ತದೆ ಎಂದುಕೊಳ್ಳಿ. ರೇಡಿಯೋಗಾಗಿ ಚಾರ್ಜ್ ಕೂಡಿಡುವ 100 ಮೈಕ್ರೋಫ್ಯಾರಡ್ ಕೆಪಾಸಿಟರ್ 3.3 ವೋಲ್ಟಿಗೇರಲು 330 ಮೈಕ್ರೋಕೂಲಂ ಬೇಕು, ಅಂದರೆ 8,250 ಉಸಿರು. ನಿಮಿಷಕ್ಕೆ 15ರಂತೆ ಒಂಬತ್ತು ಗಂಟೆ ಮೀರುತ್ತದೆ, ಅದೂ ಏನೂ ಸೋರದಿದ್ದರೆ! ಸರಾಸರಿ ಕರೆಂಟ್ ಬರೀ 10 ನ್ಯಾನೋಆಂಪಿಯರ್. ಕರೆಂಟನ್ನು ಒಂದೇ ದಿಕ್ಕಿಗೆ ಹರಿಸಿ ಕೆಪಾಸಿಟರ್ ತುಂಬಿಸುವ 1ಎನ್4148 ಡಯೋಡಿನ ಹಿಮ್ಮುಖ ಸೋರಿಕೆಯೇ 20 ವೋಲ್ಟಿನಲ್ಲಿ 25 ನ್ಯಾನೋಆಂಪಿಯರ್‌ವರೆಗೆ ಇರಬಹುದು, ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಅದಕ್ಕಿಂತ ಹೆಚ್ಚು ಸೋರುತ್ತದೆ. ಆದ್ದರಿಂದ ಪಟ್ಟಿ ಸಿಗ್ನಲ್ ಮಾತ್ರ ಕೊಡಲಿ, ಬ್ಲೂಟೂತ್ ರೇಡಿಯೋಗೆ ಸಿಆರ್2032 ಬಟನ್ ಸೆಲ್ ಹಾಕಿ. ತನ್ನ ಕರೆಂಟ್ ತಾನೇ ಹುಟ್ಟಿಸಿಕೊಳ್ಳುತ್ತದೆ (ಸೆಲ್ಫ್-ಪವರ್ಡ್) ಅನ್ನುವುದು ಸೆನ್ಸರ್‌ಗೆ ಸಲ್ಲುವ ಮಾತು, ಇಡೀ ಯಂತ್ರಕ್ಕಲ್ಲ. ವರದಿಯಲ್ಲೂ ಹಾಗೇ ಬರೆಯಿರಿ.

ವಿಜಯಪುರದಿಂದ ಮತ್ತೆ: ಮಗ್ಗದ ಮುಂದೆ ಕೂತಾಗ ಲಾಳಿ ಎಸೆತ, ಹಲಗೆ ಬಡಿತ ಎಲ್ಲಾ ಸಿಗ್ನಲ್‌ನಾಗ ಬರ್ತಾವು. ಉಸಿರು ಸೆಕೆಂಡಿಗೆ 0.2ರಿಂದ 0.35 ಸಲ, 0.6 ಹರ್ಟ್ಸ್ ಲೋಪಾಸ್ (ಅದಕ್ಕಿಂತ ವೇಗದ ಏರಿಳಿತ ತಗ್ಗಿಸೋ ಫಿಲ್ಟರ್) ಹಾಕಿದರ ಬಡಿತ ಬಹಳಷ್ಟು ಸೋಸ್ತೈತಿ, ಮನೆ ಕರೆಂಟಿನ 50 ಹರ್ಟ್ಸ್ ಗುಂಯ್‌ಗುಡುವಿಕೆನೂ ಹೋಗತೈತಿ. ಪಟ್ಟಿ ಪಕ್ಕೆಲುಬಿನ ಕೆಳಅಂಚಿಗೆ ಕಟ್ರಿ, ಅಲ್ಲಿ ತೋಳಿನ ಎಳೆತ ಕಡಿಮಿ.